ಅರ್ಬುದ ಚಿಕಿತ್ಸೆಯ ನಂತರ ಸೋಯಾ: ಭಯವೆಷ್ಟು, ನಿಜವೆಷ್ಟು?

ಶ್ರೀಮಠದ ದಾಸೋಹದಲ್ಲಿ ಆಗಾಗ ಮಾಡುವ ಪಲಾವಿಗೆ ಸೋಯಾ ತುಣುಕುಗಳನ್ನು, ಅಂದರೆ ನಮ್ಮ ರಾಯಚೂರಿನ ಅಂಗಡಿಗಳಲ್ಲಿ ‘ಮೀಲ್ ಮೇಕರ್’ ಎಂಬ ಹೆಸರಿನಿಂದ ಮಾರುವ ಪದಾರ್ಥವನ್ನು, ಹಾಕಬಾರದೆಂದು ಕೆಲವು ಸದ್ಭಕ್ತರು ಈಚೆಗೆ ಅರಿಕೆ ಮಾಡಿಕೊಂಡಿದ್ದಾರೆ. ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಬಂದ ತಾಯಂದಿರೂ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುತ್ತಾರೆ, ಅಂಥವರಿಗೆ ಸೋಯಾ ತಿಂದರೆ ರೋಗ ಮರುಕಳಿಸುತ್ತದೆ ಎಂಬುದು ಅವರ ಆತಂಕ. ಈ ಆತಂಕದ ಹಿಂದೆ ಇರುವುದು ಕಾಳಜಿಯೇ ಹೊರತು ಬೇರೇನೂ ಅಲ್ಲ. ಆದುದರಿಂದ ಇದನ್ನು ನಕ್ಕು ತಳ್ಳಿಹಾಕದೆ, ತಿಳಿದಷ್ಟನ್ನು ಸಾವಧಾನವಾಗಿ ಬರೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಮೊದಲೇ ಹೇಳಿಬಿಡುತ್ತೇವೆ. ಅರ್ಬುದ ಚಿಕಿತ್ಸೆ ಮುಗಿಸಿದವರು, ಸ್ತನದ ಅರ್ಬುದಕ್ಕೆ ಚಿಕಿತ್ಸೆ ಪಡೆದ ತಾಯಂದಿರೂ ಸೇರಿ, ಸೋಯಾವನ್ನು ಆಹಾರವಾಗಿ, ಚೆನ್ನಾಗಿ ಬೇಯಿಸಿ, ಮಿತವಾಗಿ ತಿನ್ನಬಹುದು. ಅದರಿಂದ ರೋಗ ಮರಳುತ್ತದೆ ಎಂಬುದಕ್ಕೆ ಮನುಷ್ಯರಲ್ಲಿ ನಡೆದ ಅಧ್ಯಯನಗಳಲ್ಲಿ ಆಧಾರವಿಲ್ಲ. ಆದರೆ ಸೋಯಾದಿಂದ ಬೇರ್ಪಡಿಸಿದ ಸಾರವನ್ನು ಗುಳಿಗೆಯಾಗಿಯೋ, ಡಬ್ಬಿಯ ಪುಡಿಯಾಗಿಯೋ ಔಷಧದಂತೆ ನುಂಗುವುದು ಬೇರೆ ಮಾತು. ಅದನ್ನು ನಾವು ಒಪ್ಪುವುದಿಲ್ಲ. ಅನ್ನ ಬೇರೆ, ಔಷಧ ಬೇರೆ ಎಂಬ ಈ ಭೇದವನ್ನು ಮರೆತುದರಿಂದಲೇ ಇಷ್ಟೆಲ್ಲ ಗೊಂದಲ ಹುಟ್ಟಿದೆ.

ಭಯದ ಮೂಲ ಎಲ್ಲಿದೆ ಎಂಬುದನ್ನು ನೋಡೋಣ. ಸೋಯಾ ಕಾಳಿನಲ್ಲಿ ಐಸೋಫ್ಲೇವೋನ್ ಎಂಬ ವರ್ಗದ ಸಸ್ಯಜನ್ಯ ದ್ರವ್ಯಗಳಿವೆ. ಜೆನಿಸ್ಟೀನ್, ಡೈಡ್ಜೀನ್ ಎಂಬವು ಅವುಗಳಲ್ಲಿ ಮುಖ್ಯವಾದವು. ಇವುಗಳ ರಚನೆ ಸ್ತ್ರೀದೇಹದ ಈಸ್ಟ್ರೋಜನ್ ಹಾರ್ಮೋನನ್ನು ಒಂದಿಷ್ಟು ಹೋಲುತ್ತದೆ. ಸ್ತನದ ಅರ್ಬುದಗಳಲ್ಲಿ ಬಹುಪಾಲು ಈಸ್ಟ್ರೋಜನ್ನಿನಿಂದ ಪೋಷಣೆ ಪಡೆದು ಬೆಳೆಯುವಂಥವು. ಆದ್ದರಿಂದಲೇ ಶಸ್ತ್ರಚಿಕಿತ್ಸೆ, ಕಿಮೋಥೆರಪಿಗಳು ಮುಗಿದ ಮೇಲೂ ಐದು ವರ್ಷ, ಕೆಲವೊಮ್ಮೆ ಹತ್ತು ವರ್ಷ ಟ್ಯಾಮಾಕ್ಸಿಫೆನ್ ಅಥವಾ ಲೆಟ್ರೊಜೋಲ್ ಮಾತ್ರೆಯನ್ನು ಕೊಡುತ್ತಾರೆ. ಹಾರ್ಮೋನನ್ನು ತಡೆಯಲು ವೈದ್ಯರು ಮಾತ್ರೆ ಕೊಡುತ್ತಿರುವಾಗ, ಹಾರ್ಮೋನಿನಂಥದ್ದನ್ನೇ ತಟ್ಟೆಯಲ್ಲಿ ಬಡಿಸುವುದು ಸರಿಯೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ತರ್ಕ ಚೆನ್ನಾಗಿಯೇ ಇದೆ. ಆದರೆ ದೇಹವು ನಮ್ಮ ತರ್ಕದಂತೆ ನಡೆಯಬೇಕೆಂಬ ನಿಯಮವಿಲ್ಲ.

ಬೀಗಕ್ಕೆ ಹೋಲುವ ಕೀಲಿಯೆಲ್ಲ ಬೀಗವನ್ನು ತೆರೆಯುವುದಿಲ್ಲ. ಕೆಲವು ಕೀಲಿಗಳು ಒಳಗೆ ಹೋಗಿ ಸುಮ್ಮನೆ ಕುಳಿತು, ನಿಜವಾದ ಕೀಲಿಗೆ ಅಡ್ಡಿಯಾಗುವುದೂ ಉಂಟು. ಈಸ್ಟ್ರೋಜನ್ನಿಗೆ ನಮ್ಮ ಅಂಗಾಂಶಗಳಲ್ಲಿ ಎರಡು ಬಗೆಯ ಗ್ರಾಹಕಗಳಿವೆ, ಆಲ್ಫಾ ಮತ್ತು ಬೀಟಾ. ಗಡ್ಡೆಯ ಬೆಳವಣಿಗೆಯಲ್ಲಿ ಮುಖ್ಯ ಪಾತ್ರ ಆಲ್ಫಾದ್ದು. ಸೋಯಾದ ದ್ರವ್ಯಗಳು ಹೆಚ್ಚಾಗಿ ಅಂಟಿಕೊಳ್ಳುವುದು ಬೀಟಾಕ್ಕೆ. ಅವುಗಳ ಬಲವೂ ದೇಹದ ಸ್ವಂತ ಈಸ್ಟ್ರೋಜನ್ನಿನ ಬಲದ ಒಂದು ಸಣ್ಣ ಅಂಶ ಮಾತ್ರ.

ಆದರೂ 1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ನಡೆದ ಇಲಿಗಳ ಪ್ರಯೋಗಗಳು ಲೋಕವನ್ನು ಬೆಚ್ಚಿಬೀಳಿಸಿದವು. ಅಂಡಾಶಯ ತೆಗೆದ, ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳಲ್ಲಿ ಮಾನವ ಸ್ತನದ ಅರ್ಬುದಕೋಶಗಳನ್ನು ನೆಟ್ಟು, ಶುದ್ಧೀಕರಿಸಿದ ಜೆನಿಸ್ಟೀನನ್ನು ತಿನ್ನಿಸಿದಾಗ ಗಡ್ಡೆಗಳು ಬೆಳೆದವು. ಇಂದು ಮೊಬೈಲಿನಲ್ಲಿ ಹರಿದಾಡುವ ಎಚ್ಚರಿಕೆಗಳ ಬೇರು ಬಹುತೇಕ ಇಲ್ಲಿಯೇ ಇದೆ. ಆ ಪ್ರಯೋಗ ಸುಳ್ಳಲ್ಲ. ಆದರೆ ಆ ಮುಂದಿನ ಸಂಗತಿಗಳನ್ನು ಯಾರೂ ಮೊಬೈಲಿನಲ್ಲಿ ಕಳಿಸುವುದಿಲ್ಲ. ಅದೇ ಬಗೆಯ ಇಲಿಗಳಿಗೆ ಶುದ್ಧ ಸಾರದ ಬದಲು ಇಡೀ ಸೋಯಾ ಹಿಟ್ಟನ್ನು ಕೊಟ್ಟಾಗ ಗಡ್ಡೆಗಳು ಹಾಗೆ ಬೆಳೆಯಲಿಲ್ಲ. ಜೊತೆಗೆ, ಇಲಿಯ ದೇಹ ಈ ದ್ರವ್ಯವನ್ನು ಅರಗಿಸುವ ರೀತಿಯೇ ಬೇರೆ. ಅದರ ರಕ್ತದಲ್ಲಿ ಕ್ರಿಯಾಶೀಲ ರೂಪದ ಜೆನಿಸ್ಟೀನ್ ಮನುಷ್ಯರಲ್ಲಿರುವುದಕ್ಕಿಂತ ಬಹಳ ಹೆಚ್ಚು ಉಳಿಯುತ್ತದೆ.

ಇಲಿಗಳನ್ನು ಬಿಟ್ಟು ತಾಯಂದಿರ ವಿಷಯಕ್ಕೆ ಬರೋಣ. ಚೀನಾದ ಶಾಂಘೈ ನಗರದಲ್ಲಿ ಸ್ತನದ ಅರ್ಬುದಕ್ಕೆ ಚಿಕಿತ್ಸೆ ಪಡೆದ 5042 ಮಹಿಳೆಯರನ್ನು ಕೆಲವು ವರ್ಷ ಅನುಸರಿಸಿದ ಅಧ್ಯಯನವೊಂದು 2009ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಅತಿ ಕಡಿಮೆ ಸೋಯಾ ತಿನ್ನುತ್ತಿದ್ದವರಿಗೆ ಹೋಲಿಸಿದರೆ, ಹೆಚ್ಚು ತಿನ್ನುತ್ತಿದ್ದವರಲ್ಲಿ ಮರಣದ ಅಪಾಯ ಶೇಕಡ 29ರಷ್ಟು, ರೋಗ ಮರುಕಳಿಸುವ ಅಪಾಯ ಶೇಕಡ 32ರಷ್ಟು ಕಡಿಮೆ ಕಂಡುಬಂದಿತು. ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿದ್ದವರಲ್ಲಿಯೂ, ತೆಗೆದುಕೊಳ್ಳದವರಲ್ಲಿಯೂ ಇದೇ ದಿಕ್ಕಿನ ಫಲಿತಾಂಶ. ದಿನಕ್ಕೆ ಸುಮಾರು 11 ಗ್ರಾಂ ಸೋಯಾ ಪ್ರೋಟೀನಿನವರೆಗೆ ಪ್ರಯೋಜನ ಏರುತ್ತ ಹೋಗಿ, ಅದರಾಚೆ ಹೆಚ್ಚಿನ ಲಾಭ ಕಾಣಲಿಲ್ಲವೆಂಬುದನ್ನೂ ಓದುಗರು ಗಮನಿಸಬೇಕು. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಅದು 20–25 ಗ್ರಾಂ ಒಣ ಮೀಲ್ ಮೇಕರ್. ಒಂದು ಸಣ್ಣ ಹಿಡಿ, ಅಷ್ಟೆ.

ಚೀನಾದವರು ಬಾಲ್ಯದಿಂದಲೂ ಸೋಯಾ ತಿಂದವರು, ಅವರ ಮಾತು ಬೇರೆ ಎಂದು ಒಬ್ಬ ಹಿರಿಯ ಶರಣರು ನಮ್ಮೊಡನೆ ವಾದಿಸಿದರು. ಯೋಗ್ಯವಾದ ಆಕ್ಷೇಪ. ಅದಕ್ಕೆ ಉತ್ತರವಾಗಿ 2012ರ ಅಧ್ಯಯನವಿದೆ. ಅಮೆರಿಕ ಮತ್ತು ಚೀನಾಗಳ ಒಟ್ಟು 9514 ಮಹಿಳೆಯರ ಮಾಹಿತಿಯನ್ನು ಕೂಡಿಸಿ, ಸರಾಸರಿ ಏಳು ವರ್ಷಗಳಿಗೂ ಮಿಕ್ಕಿ ಅನುಸರಿಸಿ ನೋಡಿದಾಗ, ದಿನಕ್ಕೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಐಸೋಫ್ಲೇವೋನ್ ಆಹಾರದಿಂದ ಪಡೆದವರಲ್ಲಿ ಮರುಕಳಿಕೆ ಶೇಕಡ 25ರಷ್ಟು ಕಡಿಮೆಯಿತ್ತು. 2017ರಲ್ಲಿ ಅಮೆರಿಕ ಮತ್ತು ಕೆನಡಾದ 6235 ಮಹಿಳೆಯರ ಮೇಲಿನ ವರದಿಯೂ ಹಾನಿಯನ್ನು ಕಾಣಲಿಲ್ಲ. ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಮೊದಲಾದ ಸಂಸ್ಥೆಗಳು ಇಂದು ಸೋಯಾ ಆಹಾರ ಸುರಕ್ಷಿತವೆಂದು ಹೇಳುವುದು ಇಂಥ ಆಧಾರಗಳ ಮೇಲೆಯೇ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇವೆಲ್ಲ ತಿಂದವರನ್ನು ಮತ್ತು ತಿನ್ನದವರನ್ನು ಗಮನಿಸಿ ನೋಡಿದ ಅಧ್ಯಯನಗಳು. ಸೋಯಾ ತಿನ್ನುವವರು ಬೇರೆ ವಿಷಯಗಳಲ್ಲಿಯೂ ಆರೋಗ್ಯವಂತ ಜೀವನ ನಡೆಸುತ್ತಿದ್ದಿರಬಹುದು. ಆದ್ದರಿಂದ ಸೋಯಾ ಅರ್ಬುದವನ್ನು ತಡೆಯುತ್ತದೆ, ಗುಣಪಡಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಹಾನಿಯಿಲ್ಲ ಎಂಬುದಕ್ಕೆ ಆಧಾರ ಗಟ್ಟಿಯಾಗಿದೆ. ಔಷಧ ಎಂಬುದಕ್ಕೆ ಇಲ್ಲ.

ಪುಡಿಯ ಕುರಿತು ನಾವೇಕೆ ಬೇರೆ ಮಾತಾಡುತ್ತೇವೆಂದರೆ, ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ 140 ಮಹಿಳೆಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಶಸ್ತ್ರಚಿಕಿತ್ಸೆಗೆ ಮುಂಚಿನ ಕೆಲವು ವಾರ ಅರ್ಧದಷ್ಟು ಜನರಿಗೆ ದಿನಕ್ಕೆ ಸುಮಾರು 50 ಗ್ರಾಂ ಸೋಯಾ ಪ್ರೋಟೀನ್ ಪುಡಿಯನ್ನು ಕೊಡಲಾಯಿತು. ಗಡ್ಡೆಕೋಶಗಳು ವೃದ್ಧಿಯಾಗುವ ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ರಕ್ತದಲ್ಲಿ ಜೆನಿಸ್ಟೀನ್ ಬಹಳ ಏರಿದ ಕೆಲವರಲ್ಲಿ, ಕೋಶವೃದ್ಧಿಗೆ ಸಂಬಂಧಿಸಿದ ಕೆಲವು ಜೀನುಗಳು ಹೆಚ್ಚು ಚುರುಕಾಗಿದ್ದವು. ಇದರಿಂದ ರೋಗ ಬಂತೆಂದು ಅರ್ಥವಲ್ಲ. ಆದರೂ ಅಷ್ಟು ಸಂಶಯವಿರುವಾಗ, ಅಷ್ಟು ಪ್ರಮಾಣದ ಪುಡಿಯನ್ನು ನುಂಗಬೇಕಾದ ಒತ್ತಾಯವೇನಿದೆ? ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಬಂಧುಗಳು ಪ್ರೀತಿಯಿಂದ ತರುವ ದೊಡ್ಡ ಡಬ್ಬಿಗಳ ಮೇಲೆ ‘ಸೋಯಾ ಐಸೊಲೇಟ್’ ಎಂದೋ ‘ಐಸೋಫ್ಲೇವೋನ್’ ಎಂದೋ ಬರೆದಿದ್ದರೆ, ಚಿಕಿತ್ಸೆ ನೀಡಿದ ಅರ್ಬುದ ತಜ್ಞರಿಗೆ ತೋರಿಸದೆ ತೆರೆಯಬೇಡಿರಿ. ಋತುಬಂಧದ ಬಿಸಿಯುರಿಗೆ ಮಾರುವ ಐಸೋಫ್ಲೇವೋನ್ ಗುಳಿಗೆಗಳನ್ನಂತೂ ಸ್ತನದ ಅರ್ಬುದವಾದವರು ಮುಟ್ಟಬಾರದು.

ಆಯುರ್ವೇದವು ಸೋಯಾವನ್ನು ನಿಷೇಧಿಸಿದೆ ಎಂಬ ಮಾತನ್ನು ನಮ್ಮ ವೃತ್ತಿಬಾಂಧವರಲ್ಲಿಯೇ ಕೆಲವರು ಹೇಳುವುದನ್ನು ಕೇಳಿದ್ದೇವೆ. ಚರಕಸಂಹಿತೆಯ ಸೂತ್ರಸ್ಥಾನದ 27ನೆಯ ಅಧ್ಯಾಯದಲ್ಲಿ ಶಮೀಧಾನ್ಯಗಳ ವರ್ಗವಿದೆ. ಹೆಸರು, ಉದ್ದು, ಹುರುಳಿ, ಮಡಿಕೆ, ಕಡಲೆ, ಚನ್ನಂಗಿ, ತೊಗರಿ ಎಲ್ಲವೂ ಅಲ್ಲಿವೆ. ಸೋಯಾ ಇಲ್ಲ. ಪೂರ್ವ ಏಷ್ಯಾದ ಈ ಕಾಳು ನಮ್ಮ ದೇಶದ ಹೊಲಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಲಿಟ್ಟದ್ದು 1960ರ ದಶಕದ ನಂತರವೇ. ಹೆಸರೇ ಇಲ್ಲದ ಧಾನ್ಯವನ್ನು ಶಾಸ್ತ್ರ ನಿಷೇಧಿಸುವುದಾದರೂ ಹೇಗೆ? ಶಾಸ್ತ್ರ ನಮಗೆ ಕೊಟ್ಟಿರುವುದು ಪಟ್ಟಿಯನ್ನಷ್ಟೇ ಅಲ್ಲ, ಪರೀಕ್ಷಿಸುವ ದೃಷ್ಟಿಯನ್ನು. ಆ ದೃಷ್ಟಿಯಿಂದ ನೋಡಿದರೆ ಸೋಯಾ ಗುರು ಗುಣದ ಕಾಳು, ಉದ್ದಿನ ಸಾಲಿಗೆ ಸೇರತಕ್ಕದ್ದು. ಅಗ್ನಿ ಮಂದವಾಗಿರುವವನಿಗೆ ಅದು ಭಾರ, ಹೊಟ್ಟೆಯುಬ್ಬರ. ಕಾಳುಗಳಲ್ಲಿ ಶ್ರೇಷ್ಠವೆಂದು ಚರಕರು ಗುರುತಿಸಿದ ಹೆಸರಿನಷ್ಟು ಹಗುರವಲ್ಲ. ಆದ್ದರಿಂದ ಕಿಮೋಥೆರಪಿ ನಡೆಯುತ್ತಿರುವ, ವಾಂತಿ–ಅರುಚಿಗಳಿಂದ ಬಳಲುವ ದಿನಗಳಲ್ಲಿ ಗಂಜಿ, ಹೆಸರುಬೇಳೆಯ ಕಟ್ಟು, ಮೆತ್ತಗಿನ ಖಿಚಡಿ. ಹಸಿವು ಮರಳಿದ ಮೇಲೆ, ಮೆಲ್ಲಮೆಲ್ಲನೆ ಸೋಯಾ. ಇದು ಜೀರ್ಣಶಕ್ತಿಯ ವಿಚಾರ, ಅರ್ಬುದದ ಭಯವಲ್ಲ.

ಈಗ ನಮ್ಮ ಮನಸ್ಸಿಗೆ ಅತ್ಯಂತ ಹತ್ತಿರವಾದ ವಿಷಯ. ಸೋಯಾ ಬೇಕೇಬೇಕೆ, ಬಿಟ್ಟರೆ ನಷ್ಟವೇನು ಎಂದು ಕೇಳಬಹುದು. ಮಾಂಸ, ಮೊಟ್ಟೆ ತಿನ್ನುವ ಮನೆಗಳಲ್ಲಿ ಬಿಟ್ಟರೆ ದೊಡ್ಡ ನಷ್ಟವಿಲ್ಲ. ಆದರೆ ಈ ಪತ್ರಿಕೆಯ ಓದುಗರು ಬಹುಮಟ್ಟಿಗೆ ಶುದ್ಧ ಶಾಕಾಹಾರಿಗಳು. ದೊಡ್ಡ ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಆಹಾರದ ಚೀಟಿಯಲ್ಲಿ ‘ದಿನಕ್ಕೆರಡು ಮೊಟ್ಟೆ’ ಎಂದು ಬರೆದಿರುತ್ತದೆ. ಅದನ್ನು ಓದಿ, ಚೀಟಿಯನ್ನು ಮಡಚಿ ಸೆರಗಿನಲ್ಲಿ ಕಟ್ಟಿಕೊಂಡು ಬರುವ ತಾಯಂದಿರಿಗೆ, ಮೊಟ್ಟೆಯ ಜಾಗದಲ್ಲಿ ಏನು ಎಂಬುದನ್ನು ಯಾರೂ ಹೇಳಿರುವುದಿಲ್ಲ.

ಅರ್ಬುದದಿಂದ ಚೇತರಿಸಿಕೊಳ್ಳುತ್ತಿರುವವರಿಗೆ ದೇಹತೂಕದ ಪ್ರತಿ ಕಿಲೋಗೆ ಕನಿಷ್ಠ 1 ಗ್ರಾಂ, ಸಾಧ್ಯವಾದರೆ 1.5 ಗ್ರಾಂ ಪ್ರೋಟೀನ್ ಬೇಕೆಂದು ಪೋಷಣಶಾಸ್ತ್ರ ಹೇಳುತ್ತದೆ. 50 ಕಿಲೋ ತೂಗುವ ತಾಯಿಗೆ 50ರಿಂದ 75 ಗ್ರಾಂ. ದೇವದುರ್ಗ ತಾಲ್ಲೂಕಿನ ಒಂದು ಮನೆಯ ಊಟವನ್ನು ಲೆಕ್ಕ ಹಾಕೋಣ. ಆರೋಗ್ಯವಿದ್ದಾಗ ದಿನಕ್ಕೆ ನಾಲ್ಕು ಜೋಳದ ರೊಟ್ಟಿ, ಅಂದರೆ ಸುಮಾರು 200 ಗ್ರಾಂ ಹಿಟ್ಟು: 20 ಗ್ರಾಂ. ಒಂದು ಹಿಡಿ ತೊಗರಿಬೇಳೆ: 6–7 ಗ್ರಾಂ. ಶೇಂಗಾ ಹಿಂಡಿ ಎರಡು ಚಮಚ: 4–5 ಗ್ರಾಂ. ಒಂದು ಲೋಟ ಹಾಲು: 6 ಗ್ರಾಂ. ಎಲ್ಲ ಕೂಡಿದರೂ 40ನ್ನು ದಾಟುವುದಿಲ್ಲ. ಚಿಕಿತ್ಸೆಯ ನಂತರ ನಾಲ್ಕು ರೊಟ್ಟಿ ಎರಡಾಗುತ್ತವೆ, ಬೇಳೆ ತಿಳಿಸಾರಾಗುತ್ತದೆ. ಮಾನ್ವಿಯ ಕಡೆ ಪರಿಸ್ಥಿತಿ ಇನ್ನೂ ಬಿಗಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಅಲ್ಲಿನ ಎಷ್ಟೋ ಮನೆಗಳಲ್ಲಿ ಜೋಳದ ಸ್ಥಾನವನ್ನು ಅಕ್ಕಿ ಹಿಡಿದಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಪ್ರೋಟೀನ್ 100 ಗ್ರಾಮಿಗೆ 7–8 ಗ್ರಾಂ ಮಾತ್ರ. ಅನ್ನ–ತಿಳಿಸಾರಿನಲ್ಲಿ ಚೇತರಿಕೆಯನ್ನು ಹುಡುಕುವುದು ಕಷ್ಟ.

ಇಂಥ ತಟ್ಟೆಗೆ 25 ಗ್ರಾಂ ಮೀಲ್ ಮೇಕರ್ ಸೇರಿದರೆ 13 ಗ್ರಾಂ ಪ್ರೋಟೀನ್ ಬಂದಂತೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಪ್ರೋಟೀನೇ. ಬೆಲೆಯೂ ಬಡವರಿಗೆ ಎಟುಕುವಂಥದ್ದು. ಬೀದರ್ ಜಿಲ್ಲೆಯ ರೈತರು ಮುಂಗಾರಿನಲ್ಲಿ ಸೋಯಾವನ್ನು ವಿಸ್ತಾರವಾಗಿ ಬೆಳೆಯುತ್ತಾರೆ. ಎಣ್ಣೆ ತೆಗೆದುಳಿದ ಹಿಂಡಿಯ ಬಹುಭಾಗ ಕೋಳಿ–ದನಗಳ ಆಹಾರವಾಗಿ ಹೋಗುತ್ತದೆ. ಕಲ್ಯಾಣದ ನೆಲದಲ್ಲಿ ಬೆಳೆದದ್ದು ಕೋಳಿಗೆ ಸಲ್ಲುತ್ತದೆ, ಕೃಶಳಾದ ತಾಯಿಗೆ ಮಾತ್ರ ಭಯದಿಂದ ನಿಷೇಧ!

ಮಾನ್ವಿ ಕಡೆಯ ಒಬ್ಬ ತಾಯಿ ಚಿಕಿತ್ಸೆ ಮುಗಿದ ಎಂಟು ತಿಂಗಳಿಗೆ ನಮ್ಮಲ್ಲಿಗೆ ಬಂದಾಗ ಅವರ ತೂಕ 39 ಕಿಲೋ ಇತ್ತು. ಅರ್ಬುದ ಮರಳಿರಲಿಲ್ಲ. ಆಸ್ಪತ್ರೆಯ ಪರೀಕ್ಷೆಗಳೆಲ್ಲ ಚೆನ್ನಾಗಿದ್ದವು. ಏನು ಬಿಟ್ಟಿದ್ದೀರಿ ಎಂದು ಕೇಳಿದರೆ ಹೇಳುತ್ತ ಹೋದರು: ಸೋಯಾ ಹಾರ್ಮೋನು ಎಂದು ಒಬ್ಬರು ಬಿಡಿಸಿದರು, ಹಾಲು ಕಫವೆಂದು ಇನ್ನೊಬ್ಬರು, ಶೇಂಗಾ ಪಿತ್ತವೆಂದು ಮಗದೊಬ್ಬರು, ಸಕ್ಕರೆ ಅರ್ಬುದದ ಆಹಾರವೆಂದು ಮಗ, ತೊಗರಿ ವಾಯುವೆಂದು ನೆರೆಮನೆಯವರು. ಉಳಿದದ್ದು ಅನ್ನ, ಹೀರೇಕಾಯಿ, ಹಿಟ್ಟಿನ ಅಂಬಲಿ. ಹೇಳಿದವರೆಲ್ಲರೂ ಅವರ ಹಿತೈಷಿಗಳೇ. ಪಥ್ಯವೆಂದರೆ ಹಿತವಾದದ್ದನ್ನು ಕೊಡುವುದು ಎಂಬ ಅರ್ಥ ಹೋಗಿ, ಇದ್ದದ್ದನ್ನೆಲ್ಲ ಬಿಡಿಸುವುದು ಎಂಬ ಅರ್ಥ ಯಾವಾಗ ಬಂತೋ ತಿಳಿಯದು. ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ನಮ್ಮ ತಾಯಂದಿರಿಗೆ ಬಿಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಅದು ಅವರಿಗೆ ಮೊದಲೇ ಬರುತ್ತದೆ.

ತಿನ್ನುವ ಕ್ರಮದ ಬಗ್ಗೆ ಕೆಲವು ಮಾತು. ಹಸಿ ಸೋಯಾ ಕಾಳಿನಲ್ಲಿ ಪ್ರೋಟೀನ್ ಅರಗುವುದನ್ನು ತಡೆಯುವ ಅಂಶವಿದೆ. ನೀರಿನಲ್ಲಿ ಚೆನ್ನಾಗಿ ಬೆಂದರೆ ಅದು ಬಹುತೇಕ ನಾಶವಾಗುತ್ತದೆ. ಆದುದರಿಂದ ಕಾಳನ್ನು ರಾತ್ರಿ ನೆನೆಸಿ, ಆ ನೀರನ್ನು ಚೆಲ್ಲಿ, ಮೆತ್ತಗಾಗುವವರೆಗೆ ಬೇಯಿಸಬೇಕು. ಜೋಳ ಅಥವಾ ಗೋಧಿಯ ಹಿಟ್ಟಿಗೆ ಬೆರೆಸುವವರು ಹಸಿ ಕಾಳನ್ನು ಗಿರಣಿಗೆ ಹಾಕದೆ, ಬೇಯಿಸಿ ಒಣಗಿಸಿ, ಒಂಬತ್ತು ಪಾಲು ಧಾನ್ಯಕ್ಕೆ ಒಂದು ಪಾಲಿನಂತೆ ಹಾಕಿಸಲಿ. ರೊಟ್ಟಿ ಬಡಿಯಲು ತೊಂದರೆಯಾಗುವುದಿಲ್ಲ, ಹೆಚ್ಚು ಹಾಕಿದರೆ ಮಾತ್ರ ಹರಿಯುತ್ತದೆ. ಮೀಲ್ ಮೇಕರನ್ನು ಬಿಸಿನೀರಿನಲ್ಲಿ ಕುದಿಸಿ, ಹಿಂಡಿ, ಸಣ್ಣಗೆ ಹೆಚ್ಚಿ ಪುಂಡಿಪಲ್ಯಕ್ಕೋ ಝುಣಕಕ್ಕೋ ಸೇರಿಸಿದರೆ ಹಲ್ಲಿಲ್ಲದವರೂ ತಿನ್ನಬಲ್ಲರು. ಜೀರಿಗೆ, ಶುಂಠಿ, ಇಂಗು ಇರಲಿ. ದಿನಕ್ಕೆ ಒಂದು ಬಾರಿ ಸಾಕು, ಎರಡು ಬಾರಿಯಾದರೂ ದೋಷವಿಲ್ಲ. ಬಿಳಿರಕ್ತಕಣ ಕಡಿಮೆಯಾದ ದಿನಗಳಲ್ಲಿ ಮೊಳಕೆ ಬರಿಸಿದ ಹಸಿಕಾಳು ಯಾವುದೂ ಬೇಡ, ಎಲ್ಲವೂ ಆಗತಾನೆ ಬೆಂದದ್ದಾಗಿರಲಿ. ಅಂಗಡಿಯ ಸೋಯಾ ಎಣ್ಣೆಯ ಬಗ್ಗೆಯೂ ಕೆಲವರು ಕೇಳುತ್ತಾರೆ. ಶುದ್ಧೀಕರಿಸಿದ ಎಣ್ಣೆಯಲ್ಲಿ ಐಸೋಫ್ಲೇವೋನ್ ಇರುವುದೇ ಇಲ್ಲವೆನ್ನುವಷ್ಟು ಕಡಿಮೆ.

ಸೋಯಾ ಎಲ್ಲರಿಗೂ ಒಂದೇ ಎಂದೂ ನಾವು ಹೇಳುವುದಿಲ್ಲ. ಥೈರಾಯ್ಡ್ ಅರ್ಬುದಕ್ಕೆ ಗ್ರಂಥಿಯನ್ನು ತೆಗೆಸಿಕೊಂಡವರು ಜೀವನಪೂರ್ತಿ ಥೈರಾಕ್ಸಿನ್ ಮಾತ್ರೆ ನುಂಗುತ್ತಾರೆ. ಸೋಯಾ ಆ ಮಾತ್ರೆ ಕರುಳಿನಲ್ಲಿ ಹೀರಲ್ಪಡುವುದನ್ನು ಕುಗ್ಗಿಸುತ್ತದೆ. ಬೆಳಗಿನ ಬರಿಹೊಟ್ಟೆಯಲ್ಲಿ ಮಾತ್ರೆ, ನಾಲ್ಕು ಗಂಟೆಯಾದರೂ ಕಳೆದ ಮೇಲೆ ಸೋಯಾ ಎಂಬ ಅಂತರವಿಟ್ಟರೆ ಸಾಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಇದೇ ಅಂತರ. ಮೂತ್ರಪಿಂಡ ದುರ್ಬಲವಾದವರಿಗೆ ಒಟ್ಟು ಪ್ರೋಟೀನಿನ ಮಿತಿಯನ್ನು ವೈದ್ಯರು ನಿರ್ಧರಿಸಬೇಕು. ಸೋಯಾ ಒಗ್ಗದೆ ಮೈ ತುರಿಸಿ ದದ್ದು ಏಳುವವರು, ತುಟಿ ಬಾಯುವವರು ಖಂಡಿತ ಬಿಡಬೇಕು.

ಒಂದು ವಿಚಿತ್ರವನ್ನು ಹೇಳದಿರಲಾರೆವು. ಸೋಯಾದಲ್ಲಿ ಹಾರ್ಮೋನು ಇದೆಯೆಂದು ಹೆದರಿ ಬಿಟ್ಟ ತಾಯಂದಿರ ಚೀಲದಲ್ಲಿಯೇ ನಮಗೆ ಶತಾವರಿ ಲೇಹ್ಯ, ಜ್ಯೇಷ್ಠಮಧುವಿನ ಪುಡಿ ಕಾಣಸಿಗುತ್ತವೆ. ಎದೆಹಾಲು ಹೆಚ್ಚಿಸಲು, ಸ್ತ್ರೀದೇಹವನ್ನು ಬಲಪಡಿಸಲು ನಾವೇ ಶತಾವರಿಯನ್ನು ಬಳಸುತ್ತೇವೆ. ಜ್ಯೇಷ್ಠಮಧುವಿನಲ್ಲಿಯೂ ಈಸ್ಟ್ರೋಜನ್ನನ್ನು ಹೋಲುವ ಅಂಶಗಳಿವೆ. ಬಾಣಂತಿಗೆ ಅಮೃತವಾದದ್ದು ಟ್ಯಾಮಾಕ್ಸಿಫೆನ್ ನುಂಗುವವರಿಗೆ ತಕ್ಕುದಲ್ಲದಿರಬಹುದು. ಆಯುರ್ವೇದ ವೈದ್ಯರಾಗಿ ಇದನ್ನು ಹೇಳಲು ನಮಗೆ ಸಂಕೋಚವಿಲ್ಲ: ಕಿಮೋಥೆರಪಿ ಅಥವಾ ಹಾರ್ಮೋನ್ ಚಿಕಿತ್ಸೆ ನಡೆಯುವಾಗ ಲೇಹ್ಯ, ಚೂರ್ಣ, ಅರಿಷಿನದ ಸಾರದ ಕ್ಯಾಪ್ಸೂಲು ಯಾವುದನ್ನೂ ಅರ್ಬುದ ತಜ್ಞರಿಗೆ ತಿಳಿಸದೆ ತೆಗೆದುಕೊಳ್ಳಬಾರದು. ನಾವು ಕೊಟ್ಟದ್ದಾದರೂ ಸರಿಯೇ.

ದಾಸೋಹದ ಪ್ರಶ್ನೆಗೆ ಬಂದರೆ, ಮೀಲ್ ಮೇಕರನ್ನು ನಿಲ್ಲಿಸುವ ಅಗತ್ಯ ನಮಗೆ ಕಾಣುವುದಿಲ್ಲ. ಅಡುಗೆಯ ಶರಣರಲ್ಲಿ ನಮ್ಮ ವಿನಂತಿ ಎರಡೇ. ತುಣುಕುಗಳನ್ನು ಮೊದಲು ಕುದಿಸಿ ಹಿಂಡಿ, ಆಮೇಲೆ ಪಲಾವಿಗೆ ಹಾಕಿರಿ, ಖಾರವನ್ನು ಇಳಿಸಿರಿ. ಪಕ್ಕದಲ್ಲಿ ಒಂದು ಪಾತ್ರೆ ಗಟ್ಟಿಯಾದ ಹೆಸರುಬೇಳೆಯ ತೊವ್ವೆ ಇರಲಿ. ಚಿಕಿತ್ಸೆಯ ನಡುವೆ ಬಾಯಿ ಹುಣ್ಣಾಗಿ ಪಲಾವು ಮುಟ್ಟಲಾರದವರೂ ಪಂಕ್ತಿಯಲ್ಲಿರುತ್ತಾರೆ. ಅವರಿಗೆ ಬಡಿಸುವಾಗ ಸೌಟು ತುಸು ಆಳಕ್ಕೆ ಹೋಗಲಿ, ಬೇಳೆ ತಳದಲ್ಲಿ ಇರುತ್ತದೆ.